ಓಣಿಯ ಗಟಾರಿಗೆ ದುಡ್ಡು ಎಲ್ಲಿಂದ ಬರಬೇಕು? ಕಲಬುರಗಿಯ ಕಾಮಗಾರಿ ಲೆಕ್ಕ

ಕಲಬುರಗಿಯ ಎಷ್ಟೋ ಓಣಿಗಳಲ್ಲಿ ಹೊಸ ಸಿಸಿ ರಸ್ತೆ ಇದೆ. ಪಕ್ಕದಲ್ಲೇ ಗಟಾರು ಒಡೆದು ವರ್ಷವಾಗಿದೆ, ಮೂಲೆಯ ಬೀದಿದೀಪ ಉರಿಯುವುದಿಲ್ಲ. ‘ರಸ್ತೆಗೆ ಲಕ್ಷಗಟ್ಟಲೆ ರೊಕ್ಕ ಬಂತಲ್ರೀ, ಗಟಾರಿಗ್ಯಾಕ ಇಲ್ಲ?’ ಎಂದು ಜನ ಕಾರ್ಪೊರೇಟರನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ‘ಅನುದಾನ ಇಲ್ಲ’ ಎಂಬ ಎರಡು ಪದದ ಉತ್ತರ ಸಾಲದು. ರಸ್ತೆಯ ಹಣ ಒಂದು ಲೆಕ್ಕ ಶೀರ್ಷಿಕೆಯದು, ಗಟಾರು ದುರಸ್ತಿಯ ಹಣ ಇನ್ನೊಂದರದು. ಒಂದರ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ, ಅಧಿಕಾರಿಯ ಸಂಬಳದಿಂದ ವಸೂಲಾತಿಗೂ ಬರಬಹುದು. ಹಾಗಾಗಿ ಊರಿನ ಕೆಲಸ ಅರ್ಥವಾಗಬೇಕಾದರೆ ಮೊದಲು ಯಾವ ದುಡ್ಡು ಎಲ್ಲಿಂದ ಬರುತ್ತದೆ, ಯಾವ ಷರತ್ತು ಕಟ್ಟಿಕೊಂಡು ಬರುತ್ತದೆ ಎಂಬುದು ತಿಳಿಯಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಹೊಸದನ್ನು ಕಟ್ಟುವ ದುಡ್ಡು ಹೆಚ್ಚಾಗಿ ಬೆಂಗಳೂರು, ದೆಹಲಿಯಿಂದ ಬರುತ್ತದೆ. ಕಟ್ಟಿದ್ದನ್ನು ಉಳಿಸಿಕೊಳ್ಳುವ ದುಡ್ಡನ್ನು ಊರೇ ದುಡಿಯಬೇಕು. ನಮ್ಮ ಭಾಗದ ನಗರಗಳ ಬಹುಪಾಲು ತೊಂದರೆ ಈ ಎರಡರ ನಡುವಿನ ಅಂತರದಲ್ಲಿದೆ.

ಊರಿನ ಸ್ವಂತ ಜೇಬು

ಕಲಬುರಗಿ ಮಹಾನಗರ ಪಾಲಿಕೆ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ. ಯಾದಗಿರಿಯಂಥ ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಹಿಂದೆ ಊರಿನ ನಾಕಾಗಳಲ್ಲಿ ಒಳಬರುವ ಸರಕಿನ ಮೇಲೆ ಆಕ್ಟ್ರಾಯ್ ವಸೂಲಾಗುತ್ತಿತ್ತು, ದಿನದಿನವೂ ನಗದು ಬರುತ್ತಿತ್ತು. 1979ರಲ್ಲಿ ರಾಜ್ಯ ಅದನ್ನು ತೆಗೆದುಹಾಕಿತು. ಅಲ್ಲಿಂದೀಚೆಗೆ ಸ್ಥಳೀಯ ಸಂಸ್ಥೆಯ ಕೈಯಲ್ಲಿ ಉಳಿದಿರುವ ದೊಡ್ಡ ತೆರಿಗೆ ಆಸ್ತಿ ತೆರಿಗೆ ಒಂದೇ. ಉಳಿದದ್ದು ನೀರಿನ ಕರ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ಮಳಿಗೆಗಳ ಬಾಡಿಗೆ, ಜಾಹೀರಾತು ಫಲಕ, ರಸ್ತೆ ಅಗೆತದ ಶುಲ್ಕ ಇಂಥವು.

ಆಸ್ತಿ ತೆರಿಗೆಯ ಲೆಕ್ಕ ಕಾಣುವಷ್ಟು ಕಷ್ಟದ್ದಲ್ಲ. ಬೆಂಗಳೂರನ್ನು ಬಿಟ್ಟು ಉಳಿದ ನಗರಗಳಲ್ಲಿ ಅದು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಗೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಗೆ, ಕಟ್ಟಿಬಿದ್ದಿದೆ. ಜಾಗ ಮತ್ತು ಕಟ್ಟಡದ ಮಾರ್ಗಸೂಚಿ ಬೆಲೆಯ ಶೇ 25ನ್ನು ತೆರಿಗೆ ಹಾಕಬಹುದಾದ ಮೌಲ್ಯ ಎಂದು ಹಿಡಿಯುತ್ತಾರೆ, ಅದರ ಮೇಲೆ ಪಾಲಿಕೆ ಗೊತ್ತುಮಾಡಿದ ದರ ಹಾಕುತ್ತಾರೆ. ಒಂದು ಮನೆಯ ಮಾರ್ಗಸೂಚಿ ಬೆಲೆ 20 ಲಕ್ಷ ರೂಪಾಯಿ ಇದೆ, ದರ ಶೇ 0.6 ಇದೆ ಎಂದುಕೊಳ್ಳಿ. 20 ಲಕ್ಷದ ಕಾಲುಭಾಗ 5 ಲಕ್ಷ, ಅದರ ಶೇ 0.6 ಎಂದರೆ 3,000 ರೂಪಾಯಿ. ಇದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3 ಸೇರಿ 720 ರೂಪಾಯಿ. ಇನ್ನೂ ಬೇರೆ ಸಣ್ಣಪುಟ್ಟ ಉಪಕರ, ಕಸ ವಿಲೇವಾರಿ ಶುಲ್ಕ ಪ್ರತ್ಯೇಕ. ಜನ ರಸೀದಿಯ ಒಟ್ಟು ಮೊತ್ತ ನೋಡಿ ‘ಇಷ್ಟೆಲ್ಲ ಪಾಲಿಕೆಗೆ ಕಟ್ಟಿದೆವು’ ಎನ್ನುತ್ತಾರೆ. ಆದರೆ ಈ ಉಪಕರಗಳನ್ನು ಪಾಲಿಕೆ ವಸೂಲಿ ಮಾಡಿ ಸಂಬಂಧಪಟ್ಟ ಇಲಾಖೆಗಳಿಗೆ ಕಟ್ಟಬೇಕು. ಗಟಾರು ದುರಸ್ತಿಗೆ ಸಿಗುವುದು ಮೇಲಿನ 3,000 ರೂಪಾಯಿಯ ಭಾಗ ಮಾತ್ರ, ಅದೂ ಸಿಬ್ಬಂದಿ, ವಾಹನ, ಡೀಸೆಲ್, ಹೊರಗುತ್ತಿಗೆ ಖರ್ಚು ಕಳೆದ ಮೇಲೆ.

ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ರಿಯಾಯಿತಿ ಕೊಡುವುದಕ್ಕೆ ಕಾರಣವಿದೆ. ವರ್ಷದ ಆರಂಭದಲ್ಲಿ ಅನುದಾನದ ಮೊದಲ ಕಂತು ಇನ್ನೂ ಬಂದಿರುವುದಿಲ್ಲ, ಆದರೆ ಮಳೆಗಾಲಕ್ಕೆ ಮುಂಚೆ ನಾಲಾಗಳ ಹೂಳು ತೆಗೆಸುವ ಕೆಲಸ ಏಪ್ರಿಲ್, ಮೇನಲ್ಲೇ ಆಗಬೇಕು. ಆ ಎರಡು ತಿಂಗಳು ಪಾಲಿಕೆಯ ಕೈಯಲ್ಲಿ ಓಡಾಡುವುದು ಈ ತೆರಿಗೆಯ ಹಣವೇ.

ಸೋರಿಕೆ ಎಲ್ಲಿ? ಮೊದಲನೆಯದು, ತೆರಿಗೆ ಜಾಲಕ್ಕೇ ಬಾರದ ಆಸ್ತಿಗಳು. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ ಹೊಲದಲ್ಲಿ ಪ್ಲಾಟ್ ಹಾಕಿ ಮಾರಿದ ಬಡಾವಣೆಗಳು ರಿಂಗ್ ರಸ್ತೆಯ ಆಚೆಈಚೆ ಬೆಳೆದಿವೆ. ಅಲ್ಲಿ ರಸ್ತೆ, ಗಟಾರು, ಒಳಚರಂಡಿ ಮಾಡಿ ಹಸ್ತಾಂತರಿಸಬೇಕಾದದ್ದು ಬಡಾವಣೆ ಮಾಡಿದವರ ಹೊಣೆ. ಅವರು ಮಾರಿ ಹೋದ ಮೇಲೆ ಆ ಖರ್ಚು ಊರಿನ ಮೇಲೆ ಬೀಳುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತಾ (ನಿಯಮಬದ್ಧವಲ್ಲದ ಆಸ್ತಿಯ ದಾಖಲೆ) ಕೊಡುವ ಅಭಿಯಾನ ಶುರುವಾಗಿದ್ದು ಮುಖ್ಯವಾಗಿ ಇವನ್ನು ತೆರಿಗೆಯ ಲೆಕ್ಕಕ್ಕೆ ತರಲು. ಎರಡನೆಯದು, ಸ್ವಯಂ ಘೋಷಣೆಯಲ್ಲಿ ತಪ್ಪು ಅಳತೆ: ಮೂರು ಅಂತಸ್ತು ಎದ್ದಿದ್ದರೂ ಒಂದೇ ಅಂತಸ್ತಿನ ತೆರಿಗೆ, ಕೆಳಗೆ ಅಂಗಡಿ ಇದ್ದರೂ ವಾಸದ ದರ. ಮೂರನೆಯದು, ಪಾಲಿಕೆಯ ಮಳಿಗೆಗಳ ಬಾಡಿಗೆ. ಹಳೆಯ ಕರಾರಿನಲ್ಲೇ ವರ್ಷಗಟ್ಟಲೆ ಮುಂದುವರಿದರೆ ಪಕ್ಕದ ಖಾಸಗಿ ಅಂಗಡಿಯ ಬಾಡಿಗೆಗೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ. ಸೂಪರ್ ಮಾರ್ಕೆಟ್‌ನಂಥ ಜಾಗ ಇರುವ ಊರಿಗೆ ಇದು ಸಣ್ಣ ಮಾತಲ್ಲ.

ರಾಜ್ಯದಿಂದ, ಕೇಂದ್ರದಿಂದ

ಸ್ವಂತ ವರಮಾನದ ಮೇಲೆ ರಾಜ್ಯ ಹಣಕಾಸು ಆಯೋಗದ ಅನುದಾನ ಬರುತ್ತದೆ. ಕಚೇರಿಗಳಲ್ಲಿ ಎಸ್‌ಎಫ್‌ಸಿ ಎನ್ನುವುದು ಇದನ್ನೇ. ಇದರಲ್ಲಿ ಒಂದು ಪಾಲು ಸಿಬ್ಬಂದಿ ವೇತನಕ್ಕೆ, ಒಂದು ಪಾಲು ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲಿಗೆ. ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗಬೇಕಾದ ಈ ಹಣದ ಮೇಲೆ ಪಾಲಿಕೆಗೆ ಆಯ್ಕೆಯೇ ಇಲ್ಲ. ಉಳಿಯುವುದು ಮುಕ್ತನಿಧಿ. ಕಾರ್ಪೊರೇಟರುಗಳು ಕಿತ್ತಾಡುವುದು ಈ ಮುಕ್ತನಿಧಿಗೆ, ಏಕೆಂದರೆ ವಾರ್ಡಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾದ ಹಣ ಹೆಚ್ಚಾಗಿ ಇದೇ. ಆದರೂ ಪೂರ್ತಿ ಮುಕ್ತವಲ್ಲ. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಈ ಮೀಸಲು ತುಂಬ ಮುಖ್ಯವಾದದ್ದು. ಇದಿಲ್ಲದಿದ್ದರೆ ಕೊನೆಯ ಗಲ್ಲಿಗಳಿಗೆ ಹಣ ತಲುಪುತ್ತಿರಲಿಲ್ಲ. ವರ್ಷದ ಕೊನೆಗೆ ಈ ಶೀರ್ಷಿಕೆಗಳಲ್ಲಿ ಎಷ್ಟು ಖರ್ಚಾಗದೆ ಉಳಿದಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದ ಕಟ್ಟುಪಾಡು ಇನ್ನೂ ಸ್ಪಷ್ಟವಾಗಿತ್ತು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಲ್ಲಿ ನೂರು ರೂಪಾಯಿಗೆ 40 ರೂಪಾಯಿ ಸ್ಥಳೀಯ ಅಗತ್ಯಕ್ಕೆ, 30 ಕುಡಿಯುವ ನೀರು ಮತ್ತು ಮಳೆನೀರಿಗೆ, 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ. ಕಸದ ಗಾಡಿ ಹೊಸದು ಬರುತ್ತದೆ, ಪಕ್ಕದ ರಸ್ತೆಯ ಗುಂಡಿ ಹಾಗೇ ಇರುತ್ತದೆ ಎಂದರೆ ಕಾರಣ ಈ ವಿಂಗಡಣೆ. ಜೊತೆಗೆ ಎರಡು ಷರತ್ತು ಇದ್ದವು: ಲೆಕ್ಕಪತ್ರವನ್ನು ಸಾರ್ವಜನಿಕವಾಗಿ ಅಂತರ್ಜಾಲದಲ್ಲಿ ಹಾಕಬೇಕು, ಆಸ್ತಿ ತೆರಿಗೆಯ ಕನಿಷ್ಠ ದರ ಅಧಿಸೂಚಿಸಿ ವಸೂಲಾತಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಗೆ ಸಮನಾಗಿ ಏರಿಸಬೇಕು. ಊರಲ್ಲಿ ತೆರಿಗೆ ಕಟ್ಟದಿದ್ದರೆ ದೆಹಲಿಯ ಅನುದಾನಕ್ಕೂ ಕತ್ತರಿ ಬೀಳಬಹುದು ಎನ್ನುವುದು ಇದರಿಂದ ಬಂದ ಮಾತು.

ನಗರಗಳ ಕುಡಿಯುವ ನೀರು, ಒಳಚರಂಡಿಗೆ ಕೇಂದ್ರದ ಅಮೃತ್ 2.0 ಯೋಜನೆ 2021ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಇದರಲ್ಲಿ ಕೇಂದ್ರದ ಪಾಲು ಊರಿನ ಗಾತ್ರದ ಮೇಲೆ ನಿಂತಿದೆ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಯೋಜನಾ ವೆಚ್ಚದ ಅರ್ಧ, ಒಂದರಿಂದ ಹತ್ತು ಲಕ್ಷದವರೆಗೆ ಮೂರನೇ ಒಂದು ಪಾಲು. 2011ರ ಜನಗಣತಿಯಲ್ಲಿ ಯಾದಗಿರಿಯ ಜನಸಂಖ್ಯೆ ಸುಮಾರು 74 ಸಾವಿರ, ಬೀದರಿನದು 2.14 ಲಕ್ಷ, ಕಲಬುರಗಿಯದು 5.33 ಲಕ್ಷ. ಹೀಗಾಗಿ ಒಂದೇ ಬಗೆಯ ನೀರಿನ ಯೋಜನೆಗೆ ಯಾದಗಿರಿಗೆ ನೂರಕ್ಕೆ ಐವತ್ತು ಸಿಕ್ಕರೆ ಬೀದರ್, ಕಲಬುರಗಿಗೆ ಮೂವತ್ಮೂರು. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಹೊಂದಿಸಬೇಕು. ಇನ್ನೊಂದು ತೊಡಕು ಇದರ ಒಳಗೇ ಇದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹೀಗಾಗಿ ಹದಿನೈದು ವರ್ಷದ ಹಿಂದಿನ ಜನಸಂಖ್ಯೆ ಹಿಡಿದು ಹಣ ಹಂಚಲಾಗಿದೆ. ಅಷ್ಟರಲ್ಲಿ ಊರು ರಿಂಗ್ ರಸ್ತೆ ದಾಟಿ ಬೆಳೆದಿದೆ.

ಸ್ಮಾರ್ಟ್ ಸಿಟಿ ಯೋಜನೆಗೆ ಕರ್ನಾಟಕದಿಂದ ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಶಿವಮೊಗ್ಗ, ತುಮಕೂರು, ಮಂಗಳೂರು ಆಯ್ಕೆಯಾದವು. ಕಲ್ಯಾಣ ಕರ್ನಾಟಕದ ಒಂದು ಊರೂ ಆ ಪಟ್ಟಿಯಲ್ಲಿ ಇಲ್ಲ. ಆ ನಗರಗಳಿಗೆ ಬಂದ ಹಣದ ಹೋಲಿಕೆಯಲ್ಲಿ ಕಲಬುರಗಿಯನ್ನು ಅಳೆಯುವಾಗ ಇದನ್ನು ನೆನಪಿಡಬೇಕು. ಇವುಗಳಲ್ಲದೆ ರಾಜ್ಯದ ನಗರೋತ್ಥಾನ ಯೋಜನೆ ಹಂತಹಂತವಾಗಿ ಬರುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಸಂಸದರ ನಿಧಿ ಇಡೀ ಕ್ಷೇತ್ರಕ್ಕೆ ಹರಡಬೇಕಾದ್ದರಿಂದ ಊರಿನ ಪಾಲಿಗೆ ಬರುವುದು ಸಮುದಾಯ ಭವನ, ಬಸ್ ತಂಗುದಾಣ, ಹೈಮಾಸ್ಟ್ ದೀಪದಂಥ ಬಿಡಿ ಕೆಲಸಗಳು.

ಸುಣ್ಣದಕಲ್ಲಿನ ಗಣಿ ಇರುವ ಜಿಲ್ಲೆಯಾದ್ದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಹಳೆಯ ಗಣಿ ಗುತ್ತಿಗೆದಾರರು ರಾಜಧನದ (ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಇದಕ್ಕೆ ಕಟ್ಟುತ್ತಾರೆ. ಇದು ಮೊದಲು ಸಲ್ಲಬೇಕಾದದ್ದು ಗಣಿಯ ಧೂಳು ಕುಡಿಯುವ ವಾಡಿ, ಸೇಡಂ, ಚಿತ್ತಾಪುರ ಕಡೆಯ ಜನರಿಗೆ. ಕಲಬುರಗಿ ನಗರದ ರಸ್ತೆಗೆ ಇದನ್ನು ಬಳಸಿ ಎನ್ನುವ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ.

371(ಜೆ) ಮತ್ತು ಮಂಡಳಿ

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ನೌಕರಿ ಮತ್ತು ಸೀಟಿನ ಮೀಸಲಾತಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿಯಲ್ಲೇ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ, ಅದರ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂಬ ಮಾತೂ ಇದೆ. 2013ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಶುರುವಾದದ್ದು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದಾಯಿತು. ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ, ವ್ಯಾಪ್ತಿ ಏಳು ಜಿಲ್ಲೆ. 2023-24ರ ರಾಜ್ಯ ಬಜೆಟ್ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿತು.

ಮೊತ್ತ ದೊಡ್ಡದು, ಆದರೆ ಇದು ನಗರಕ್ಕಷ್ಟೇ ಅಲ್ಲ. ಮಂಡಳಿಯ ಹಣ ಮ್ಯಾಕ್ರೋ, ಮೈಕ್ರೋ ಎಂದು ವಿಂಗಡವಾಗುತ್ತದೆ. ದೊಡ್ಡ ಯೋಜನೆಗಳು ಮ್ಯಾಕ್ರೋದಲ್ಲಿ, ತಾಲ್ಲೂಕು ಮಟ್ಟದ ಕೆಲಸಗಳು ಮೈಕ್ರೋದಲ್ಲಿ. ತಾಲ್ಲೂಕುಗಳ ಪಾಲು ಗೊತ್ತುಮಾಡಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದಿರುವಿಕೆಯ ಸೂಚ್ಯಂಕ ಆಧಾರ. ಹೆಚ್ಚು ಹಿಂದುಳಿದ ತಾಲ್ಲೂಕಿಗೆ ಹೆಚ್ಚು ಪಾಲು. ಶಾಲೆ, ಆಸ್ಪತ್ರೆ, ಹಳ್ಳಿ ರಸ್ತೆ ಎಲ್ಲವೂ ಇದರಲ್ಲೇ ಬರಬೇಕು. ಮುಖ್ಯ ವಿಷಯ ಏನೆಂದರೆ ಮಂಡಳಿ ಕಟ್ಟಿಸುತ್ತದೆ, ಆಮೇಲೆ ನಡೆಸುವುದಿಲ್ಲ. ಅದರ ಹಣದಲ್ಲಿ ಆದ ರಸ್ತೆ ಅಥವಾ ಉದ್ಯಾನ ಪಾಲಿಕೆಗೆ ಹಸ್ತಾಂತರವಾದ ದಿನದಿಂದ ದೀಪದ ಬಿಲ್ಲು, ಕಾವಲುಗಾರ, ದುರಸ್ತಿ ಎಲ್ಲ ಪಾಲಿಕೆಯ ಸ್ವಂತ ಜೇಬಿಗೆ. ಹಸ್ತಾಂತರದ ಪತ್ರವೇ ಆಗದೆ ಉಳಿದರೆ ಇನ್ನೂ ಕಷ್ಟ: ಕೆಟ್ಟಾಗ ಯಾರ ಬಾಗಿಲು ತಟ್ಟಬೇಕೆಂದೇ ಗೊತ್ತಾಗುವುದಿಲ್ಲ.

ಸಾಲ

ಕುಡಿಯುವ ನೀರಿನಂಥ ದೊಡ್ಡ ಯೋಜನೆಗೆ ಅನುದಾನ ಸಾಲುವುದಿಲ್ಲ, ಸಾಲವೇ ಬೇಕು. ಕಲಬುರಗಿಗೆ ನೀರು ಭೀಮಾ ಮತ್ತು ಬೆಣ್ಣೆತೊರಾದಿಂದ ಬರಬೇಕು. ದಿನದ 24 ಗಂಟೆ ನೀರು ಕೊಡುವ ಪ್ರಯೋಗಕ್ಕೆ 2004ರಲ್ಲಿ ವಿಶ್ವಬ್ಯಾಂಕ್ ಸಾಲ ಕೊಟ್ಟಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಜೊತೆ ಕಲಬುರಗಿಯ ಒಂದು ಭಾಗವೂ ಸೇರಿತ್ತು. ಅದನ್ನು ಇಡೀ ನಗರಗಳಿಗೆ ವಿಸ್ತರಿಸುವ ಯೋಜನೆಗೆ 2016ರಲ್ಲಿ 10 ಕೋಟಿ ಡಾಲರ್ ಸಾಲ ಮಂಜೂರಾಯಿತು. ವಿಶ್ವಬ್ಯಾಂಕ್ ಪಾಲಿಕೆಗೆ ನೇರವಾಗಿ ಸಾಲ ಕೊಡುವುದಿಲ್ಲ. ಹಣ ಕೇಂದ್ರಕ್ಕೆ ಬಂದು, ರಾಜ್ಯಕ್ಕೆ ಇಳಿದು, 1993ರಲ್ಲಿ ಹುಟ್ಟಿದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ, ಅಂದರೆ ಕೆಯುಐಡಿಎಫ್‌ಸಿ ಮೂಲಕ ಕೆಲಸಕ್ಕೆ ಬರುತ್ತದೆ. ಸ್ಥಳೀಯ ಸಂಸ್ಥೆಯ ಪಾಲಿಗೆ ಬಂದ ಸಾಲದ ಕಂತನ್ನು ರಾಜ್ಯ ಅದರ ಅನುದಾನದಲ್ಲೇ ಹಿಡಿದುಕೊಳ್ಳಬಹುದು. ಆಗ ಕೈಗೆ ಬರುವ ಎಸ್‌ಎಫ್‌ಸಿ ಮೊತ್ತ ಕಾಗದದಲ್ಲಿ ಕಾಣುವುದಕ್ಕಿಂತ ಕಡಿಮೆ.

ಬಾಂಡ್ ಮೂಲಕ ಮಾರುಕಟ್ಟೆಯಿಂದ ಹಣ ಎತ್ತುವ ದಾರಿಯೂ ಇದೆ. ಬೆಂಗಳೂರು ಪಾಲಿಕೆ 1997ರಲ್ಲೇ ರಾಜ್ಯದ ಖಾತರಿಯ ಮೇಲೆ 125 ಕೋಟಿ ಎತ್ತಿತು. 2005ರಲ್ಲಿ ಬೆಂಗಳೂರು ಸುತ್ತಲಿನ ಎಂಟು ಸಣ್ಣ ಪೌರಸಂಸ್ಥೆಗಳು ಒಟ್ಟಾಗಿ ನೀರಿನ ಯೋಜನೆಗೆ 100 ಕೋಟಿ ಎತ್ತಿದ್ದು ನಮ್ಮ ಕಡೆಗೆ ಹೆಚ್ಚು ಹೊಂದುವ ಉದಾಹರಣೆ. ಬೀದರ್, ಯಾದಗಿರಿಯಂಥ ಊರು ಒಂಟಿಯಾಗಿ ಹೋದರೆ ಯಾರೂ ಹಣ ಹೂಡುವುದಿಲ್ಲ. ಆದರೆ ಯಾವ ದಾರಿ ಹಿಡಿದರೂ ಹಣ ಕೊಡುವವರು ಮೊದಲು ನೋಡುವುದು ಮೂರು ವರ್ಷದ ಲೆಕ್ಕಪರಿಶೋಧನೆ ಮತ್ತು ತೆರಿಗೆ, ನೀರಿನ ಕರದ ವಸೂಲಾತಿ.

ಒಂದು ಕೋಟಿ ಎಲ್ಲೆಲ್ಲಿ ಹೋಗುತ್ತದೆ

ಈಗ ಒಂದು ಕಾಮಗಾರಿಯನ್ನು ಹತ್ತಿರದಿಂದ ನೋಡೋಣ. ‘ವಾರ್ಡಿಗೆ ಒಂದು ಕೋಟಿ ಮಂಜೂರು’ ಎಂದು ಬ್ಯಾನರ್ ಬಿತ್ತು ಎಂದುಕೊಳ್ಳಿ. ಅದು ಮೊದಲು ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಸಾಮಾನ್ಯ ಸಭೆಯಲ್ಲಿ ಠರಾವಾಗಬೇಕು, ಯೋಜನೆಗೆ ತಕ್ಕಂತೆ ಜಿಲ್ಲಾಧಿಕಾರಿ ಅಥವಾ ಸರ್ಕಾರದ ಅನುಮೋದನೆ ಸಿಗಬೇಕು. ಕಿರಿಯ ಎಂಜಿನಿಯರ್ ಸ್ಥಳ ಅಳೆದು ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ನಿಗದಿತ ದರಪಟ್ಟಿ) ದರದಂತೆ ಅಂದಾಜುಪಟ್ಟಿ ಮಾಡುತ್ತಾರೆ, ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಪರಿಶೀಲಿಸುತ್ತಾರೆ, ಅಧಿಕಾರದ ಮಿತಿಗೆ ತಕ್ಕಂತೆ ಮೇಲಿನವರು ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಆಮೇಲೆ 1999ರ ಕೆಟಿಪಿಪಿ ಕಾಯ್ದೆಯಂತೆ (ಸರ್ಕಾರಿ ಖರೀದಿ, ಕಾಮಗಾರಿಗಳಲ್ಲಿ ಪಾರದರ್ಶಕತೆಯ ಕಾಯ್ದೆ) ಆನ್‌ಲೈನ್ ಟೆಂಡರ್, ದರ ಪರಿಶೀಲನೆ, ಒಪ್ಪಂದ, ಕಾರ್ಯಾದೇಶ.

ಒಂದು ಕೋಟಿಯಲ್ಲಿ ಕೆಲಸದ ಭಾಗ ಎಷ್ಟು? ಸರ್ಕಾರಿ ಕಾಮಗಾರಿಗೆ 2022ರ ಜುಲೈಯಿಂದ ಜಿಎಸ್‌ಟಿ ಶೇ 18. ಸಾದಿಲ್ವಾರು (ಚಿಲ್ಲರೆ ಖರ್ಚು) ಮತ್ತು ಗುಣಮಟ್ಟ ಪರೀಕ್ಷೆಗೆ ಶೇ 3 ಇಟ್ಟರೆ ಲೆಕ್ಕ ಹೀಗಾಗುತ್ತದೆ: ಕೆಲಸಕ್ಕೆ 82.64 ಲಕ್ಷ, ಜಿಎಸ್‌ಟಿ 14.88 ಲಕ್ಷ, ಉಳಿದದ್ದು 2.48 ಲಕ್ಷ. ಗುತ್ತೇದಾರ ಶೇ 10 ಬಿಲೋ (ಅಂದಾಜಿಗಿಂತ ಕಡಿಮೆ ದರ) ಹಾಕಿ ಟೆಂಡರ್ ಪಡೆದರೆ ಕೆಲಸದ ಭಾಗ ಸುಮಾರು 74.4 ಲಕ್ಷಕ್ಕೆ ಇಳಿಯುತ್ತದೆ. ಅವರ ಬಿಲ್ಲಿನಲ್ಲಿ ಆದಾಯ ತೆರಿಗೆ ಶೇ 1 ಅಥವಾ 2, ಜಿಎಸ್‌ಟಿ ಮೂಲದಲ್ಲೇ ಕಡಿತ ಶೇ 2, ಕಾರ್ಮಿಕರ ಕಲ್ಯಾಣ ಉಪಕರ ಶೇ 1, ಖಡಿ ಮತ್ತು ಮರಳಿನ ರಾಜಧನ, ಜೊತೆಗೆ ಭದ್ರತಾ ಠೇವಣಿ ಹಿಡಿಯುತ್ತಾರೆ. ಬಿಲ್ಲು ತಿಂಗಳುಗಟ್ಟಲೆ ತಡವಾದರೆ ಬಡ್ಡಿಯೂ ಅವರ ಮೇಲೆ. ಶೇ 25, 30 ಬಿಲೋ ಹೋದ ಟೆಂಡರಿನಲ್ಲಿ ಇಷ್ಟೆಲ್ಲ ಕಳೆದು ಲಾಭ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಲೇಬೇಕು. ಆ ಉತ್ತರ ಹೆಚ್ಚಾಗಿ ರಸ್ತೆಯ ದಪ್ಪದಲ್ಲಿ ಸಿಗುತ್ತದೆ.

ಒಂದು ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆಗೆ 1,100 ಘನ ಮೀಟರ್ ಕಾಂಕ್ರೀಟ್ ಬೇಕು. ಆರು ಘನ ಮೀಟರ್ ಹಿಡಿಸುವ ಮಿಕ್ಸರ್ ಲಾರಿಯಲ್ಲಿ ಸುಮಾರು 183 ಲೋಡ್. ದಪ್ಪ 17 ಸೆಂಟಿಮೀಟರಿಗೆ ಇಳಿದರೆ 165 ಘನ ಮೀಟರ್ ಉಳಿತಾಯ. ಎಂ-30 ದರ್ಜೆಯ ಕಾಂಕ್ರೀಟಿನಲ್ಲಿ ಘನ ಮೀಟರಿಗೆ ಏಳೆಂಟು ಚೀಲ ಸಿಮೆಂಟ್ ಹಿಡಿದರೂ ಸಾವಿರಕ್ಕೂ ಹೆಚ್ಚು ಚೀಲ ಬೇರೆ ಕಡೆ ಹೋಯಿತು ಎಂದರ್ಥ. ಮೂರು ಸೆಂಟಿಮೀಟರ್ ಕಣ್ಣಿಗೆ ಕಾಣುವುದಿಲ್ಲ, ಕೋರ್ ಕಟ್ಟರ್ ಹಾಕಿ ತೆಗೆದ ತುಂಡಿನಲ್ಲಿ ಮಾತ್ರ ಕಾಣುತ್ತದೆ.

ನಮ್ಮ ನೆಲವೂ ಕಠಿಣ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ಅಗೆದು ತೆಗೆದು ಗಟ್ಟಿ ಮುರುಮ್ ತುಂಬಿ, ಪದರಪದರವಾಗಿ ನೀರು ಹೊಡೆದು ರೋಲರ್ ಓಡಿಸಿ, ಅದರ ಮೇಲೆ ಖಡಿಯ ತಳಪದರ ಹಾಕದಿದ್ದರೆ ಮೇಲಿನ ಕಾಂಕ್ರೀಟ್ ಎಷ್ಟೇ ಒಳ್ಳೆಯದಿದ್ದರೂ ಎರಡನೇ ಮಳೆಗಾಲಕ್ಕೆ ಬಿರುಕು ಬಿಡುತ್ತದೆ. ಅಂದಾಜುಪಟ್ಟಿಯಲ್ಲಿ ಈ ಮುರುಮ್ ಇರುತ್ತದೆ. ಸ್ಥಳದಲ್ಲಿ ಇದೆಯೇ ಎಂದು ನೋಡಲು ಕಾಂಕ್ರೀಟ್ ಬೀಳುವ ಮುಂಚಿನ ಒಂದೆರಡು ದಿನ ಮಾತ್ರ ಅವಕಾಶ. ಹಳೆ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ 20 ಸೆಂಟಿಮೀಟರ್ ಏರಿಸುವುದು ಇನ್ನೊಂದು ರೂಢಿ. ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ ಮೊದಲ ದೊಡ್ಡ ಮಳೆಗೇ ನೀರು ಒಳಗೆ ನುಗ್ಗುತ್ತದೆ.

ಹಣ ಬರುವ ಕಾಲವೂ ಕೆಲಸ ಕೆಡಿಸುತ್ತದೆ. ಕೊನೆಯ ಕಂತು ಜನವರಿ, ಫೆಬ್ರುವರಿಯಲ್ಲಿ ಬಿಡುಗಡೆಯಾದರೆ ಮಾರ್ಚ್ 31ರೊಳಗೆ ಖರ್ಚು ತೋರಿಸುವ ಅವಸರ ಶುರುವಾಗುತ್ತದೆ. ಕಾಂಕ್ರೀಟ್ ಬೀಳುವುದು ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ. ಕನಿಷ್ಠ 14 ದಿನ ತೇವ ಹಿಡಿದಿಡಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಓಡುವ ಕಾಲದಲ್ಲಿ ರಸ್ತೆಗೆ ನೀರು ಯಾರು ಹಾಕುತ್ತಾರೆ? ಮೇಲ್ಪದರ ಪುಡಿಪುಡಿಯಾಗಿ ಏಳುವುದು ಇದರಿಂದ. ನಾಲ್ಕೂವರೆ ಮೀಟರಿಗೊಂದು ಜಾಯಿಂಟನ್ನು ಮೊದಲ ದಿನವೇ ಕತ್ತರಿಸದೆ ಬಿಟ್ಟರೆ ಕಾಂಕ್ರೀಟ್ ತಾನೇ ಅಡ್ಡಾದಿಡ್ಡಿ ಬಿರಿಯುತ್ತದೆ.

ಇದಕ್ಕಿಂತ ಹೊಟ್ಟೆ ಉರಿಸುವುದು ಅನುಕ್ರಮದ ತಪ್ಪು. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಕೇಬಲ್, ಗಟಾರು, ಕೊನೆಗೆ ರಸ್ತೆ ಆಗಬೇಕು. ಇದು ಎಲ್ಲ ಎಂಜಿನಿಯರುಗಳಿಗೂ ಗೊತ್ತು. ಆದರೆ ರಸ್ತೆಯ ಹಣ ಒಂದು ಯೋಜನೆಯಿಂದ ಈ ವರ್ಷ ಬರುತ್ತದೆ, ಪೈಪಿನ ಹಣ ಇನ್ನೊಂದರಿಂದ ಎರಡು ವರ್ಷದ ನಂತರ. ಈ ವರ್ಷ ಖರ್ಚು ಮಾಡದಿದ್ದರೆ ರಸ್ತೆಯ ಹಣ ವಾಪಸ್ ಹೋಗುತ್ತದೆ ಎಂದು ರಸ್ತೆ ಹಾಕುತ್ತಾರೆ, ಆಮೇಲೆ ಪೈಪಿಗಾಗಿ ಒಡೆಯುತ್ತಾರೆ. ಒಡೆದದ್ದನ್ನು ಮುಚ್ಚುವ ಹಣ ಪೈಪಿನ ಗುತ್ತಿಗೆಯಲ್ಲೇ ಸೇರಿರುತ್ತದೆ. ಮಣ್ಣು ಪದರಪದರವಾಗಿ ಗಟ್ಟಿಮಾಡದೆ ಮೇಲಷ್ಟೇ ಕಾಂಕ್ರೀಟ್ ಸವರಿದರೆ ಆ ಪಟ್ಟಿ ಮಳೆಯಲ್ಲಿ ಕುಸಿಯುತ್ತದೆ.

ವಾರ್ಡುವಾರು ಸಮಪಾಲು ಹಂಚಿಕೆಯೂ ಒಂದು ಕಾರಣ. ಪಾಲಿಕೆಯಲ್ಲಿ 55 ವಾರ್ಡುಗಳಿವೆ. ಐದೂವರೆ ಕೋಟಿಯನ್ನು ಸಮನಾಗಿ ಹಂಚಿದರೆ ವಾರ್ಡಿಗೆ 10 ಲಕ್ಷ. ನಾಲ್ಕು ವಾರ್ಡು ದಾಟಿ ಹರಿಯುವ ನಾಲಾವನ್ನು 10 ಲಕ್ಷದ ತುಂಡಿನಲ್ಲಿ ಕಟ್ಟಲಾಗುವುದಿಲ್ಲ. ಮೇಲಿನ ವಾರ್ಡಿನಲ್ಲಿ ಹೊಸ ಗಟಾರು ಕಟ್ಟಿ ನೀರು ವೇಗವಾಗಿ ಬಿಟ್ಟರೆ ಕೆಳಗಿನ ವಾರ್ಡು ಮುಳುಗುತ್ತದೆ. ಮಳೆನೀರಿನ ಕೆಲಸಕ್ಕಾದರೂ ಹಂಚಿಕೆ ವಾರ್ಡಿನ ಗಡಿ ಬಿಟ್ಟು ಇಳಿಜಾರಿನ ಲೆಕ್ಕದಲ್ಲಿ ಆಗಬೇಕು.

ತುರ್ತು ಎಂದು ಹೇಳಿ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಸರ್ಕಾರಿ ನಿರ್ಮಾಣ ಸಂಸ್ಥೆಗಳಾದ ಕೆಆರ್‌ಐಡಿಎಲ್‌ಗೋ (ಜನರ ಬಾಯಲ್ಲಿ ಇಂದಿಗೂ ಲ್ಯಾಂಡ್ ಆರ್ಮಿ) ನಿರ್ಮಿತಿ ಕೇಂದ್ರಕ್ಕೋ ಕೆಲಸ ವಹಿಸುವುದುಂಟು. ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದಾಗ ಇದು ಸರಿ. ಸಾಮಾನ್ಯ ಓಣಿ ರಸ್ತೆಗೆ ಇದು ಬೇಕಿಲ್ಲ ಎನ್ನುವುದು ನಮ್ಮ ನಿಲುವು, ಏಕೆಂದರೆ ದರದ ಪೈಪೋಟಿಯೇ ಇಲ್ಲದಾಗುತ್ತದೆ.

ಯಾರನ್ನು, ಏನು ಕೇಳಬೇಕು

ಕಲಬುರಗಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಚುನಾವಣೆ ನಡೆದರೂ ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ. ಆಯ್ಕೆಯಾದ ಸಭೆ ಇಲ್ಲದ ಕಾಲದಲ್ಲಿ ಬಜೆಟ್, ಕ್ರಿಯಾ ಯೋಜನೆಗಳು ಅಧಿಕಾರಿಗಳ ಮಟ್ಟದಲ್ಲೇ ಮುಗಿಯುತ್ತವೆ. ಸಭೆ ಇದ್ದಾಗಲಾದರೂ ಜನ ಬಜೆಟ್ ಪೂರ್ವಭಾವಿ ಸಭೆಗೆ ಹೋಗಬೇಕು. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರುವುದರಿಂದ ಸಂವಿಧಾನದ 243ಎಸ್ ವಿಧಿಯಂತೆ ಇಲ್ಲಿ ವಾರ್ಡ್ ಸಮಿತಿ ಇರಲೇಬೇಕು. ನಿಮ್ಮ ವಾರ್ಡಿನಲ್ಲಿ ಅದು ರಚನೆಯಾಗಿದೆಯೇ, ಕೊನೆಯ ಸಭೆ ಎಂದು ನಡೆಯಿತು ಎಂದು ಆಯುಕ್ತರಿಗೆ ಬರೆದು ಕೇಳಿ.

ಕೆಲಸದ ಬಗ್ಗೆ ದೂರು ಕೊಡುವ ಮುನ್ನ ಆ ರಸ್ತೆ ಯಾರದು ಎಂದು ಖಚಿತ ಮಾಡಿಕೊಳ್ಳಿ. ಊರೊಳಗಿನ ಹೆದ್ದಾರಿ ಭಾಗ ಲೋಕೋಪಯೋಗಿ ಅಥವಾ ಹೆದ್ದಾರಿ ವಿಭಾಗದ್ದು, ಹಸ್ತಾಂತರವಾಗದ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು ಇರಬಹುದು. ಪಾಲಿಕೆಗೆ ಕೊಟ್ಟ ಅರ್ಜಿ ಆ ಕಚೇರಿಗಳಿಗೆ ಹೋಗಿ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಪ್ರತಿ ಪುಟಕ್ಕೆ ಎರಡು ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ‘ರಸ್ತೆಗೆ ಎಷ್ಟು ಖರ್ಚಾಯಿತು’ ಎಂದು ಕೇಳಿದರೆ ಒಂದು ಅಂಕಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಾಮಗಾರಿಯ ಹೆಸರು ಮತ್ತು ವರ್ಷ ಬರೆದು ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆ) 28 ದಿನದ ಫಲಿತಾಂಶ, ಮೂರನೇ ವ್ಯಕ್ತಿಯ ಗುಣಮಟ್ಟ ವರದಿ, ಕೊನೆಯ ಬಿಲ್ಲು ಇವುಗಳ ಪ್ರತಿ ಕೇಳಿ. ಅಳತೆ ಪುಸ್ತಕದಲ್ಲಿರುವ ಉದ್ದ, ಅಗಲವನ್ನು ಟೇಪ್ ಹಿಡಿದು ನೀವೇ ತಾಳೆ ನೋಡಬಹುದು. ದಪ್ಪದ ಬಗ್ಗೆ ಅನುಮಾನವಿದ್ದರೆ ಅದೇ ಕಾಯ್ದೆಯ 2(ಜೆ) ಪ್ರಕಾರ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ, ಅದನ್ನು ಬಳಸುವವರು ತೀರ ವಿರಳ.

ಕೊನೆಯದಾಗಿ ದೋಷ ಬಾಧ್ಯತಾ ಅವಧಿ. ಕೆಲಸ ಮುಗಿದ ಮೇಲೆ ಒಂದರಿಂದ ಮೂರು ವರ್ಷದವರೆಗೆ, ಟೆಂಡರ್ ದಾಖಲೆಯಲ್ಲಿ ಬರೆದಿರುವಷ್ಟು ಕಾಲ, ಕೆಟ್ಟದ್ದನ್ನು ಗುತ್ತೇದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅವರ ಭದ್ರತಾ ಠೇವಣಿ ಪಾಲಿಕೆಯ ಕೈಯಲ್ಲಿರುವುದು ಅದಕ್ಕಾಗಿಯೇ. ಆ ಅವಧಿ ಮುಗಿದು ಠೇವಣಿ ಮರಳಿದರೆ ಅದೇ ದುರಸ್ತಿ ನಿಮ್ಮ ಆಸ್ತಿ ತೆರಿಗೆಯ ಹಣದಲ್ಲಿ ಆಗಬೇಕು. ಹಾಗಾಗಿ ಬಿರುಕು ಕಂಡ ಕೂಡಲೇ ದಿನಾಂಕ ಕಾಣುವಂತೆ ಫೋಟೊ ತೆಗೆದು, ಕಾಮಗಾರಿಯ ಹೆಸರು ಹಾಕಿ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಬರಹದಲ್ಲಿ ದೂರು ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ ಸ್ವೀಕೃತಿ ಪಡೆದುಕೊಳ್ಳಿ.